ಸಾಹೇಬರು ಬರೆಯದ ಪುಟ

ಪರದೇಶದ ಸರೋವರವೊಂದರ ನಡುವಿನ ಮರ್ಸರ್ ಐಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ನಿವೃತ್ತ ಎಂಜಿನಿಯರು ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಆದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಪಂಡಿತನೊಬ್ಬ ಮೀನು ಹಿಡಿಯುವ ಬಗ್ಗೆ ಬರೆದ ದಪ್ಪ ಪುಸ್ತಕವೆಂದರೆ ಅವರಿಗೆ ಪ್ರಾಣ. ದಿನಾ ಸಂಜೆ ಟೈ ಕಟ್ಟಿಕೊಂಡು, ಗಾಳಕ್ಕೆ ಚಪಾತಿ ಚೂರು ಸಿಕ್ಕಿಸಿ, ಸರೋವರದ ದಂಡೆಯಲ್ಲಿ ಕೂರುತ್ತಿದ್ದರು. ಟೈ ಯಾಕೆಂದು ಕೇಳಿದರೆ ಪುಸ್ತಕ ತಟ್ಟಿ, “ನಮ್ಮ ಸಾಹೇಬ್ರು ಬರದಾರ್ರಿ” ಎನ್ನುವರು.

ಒಂದು ಸಂಜೆ ನಾನೂ ಜೊತೆಗಿದ್ದಾಗ ಮೀನು ನಿಜಕ್ಕೂ ಸಿಕ್ಕಿಬಿಟ್ಟಿತು. ಅವರು ಗಾಬರಿಯಿಂದ ಪುಟ ತಿರುವಿದರು. “ಹಿಡಿಯೂದು ಮುನ್ನೂರು ಪುಟ ಬರದಾರ, ಬಿಡೂದು ಒಂದ ಸಾಲೂ ಇಲ್ಲಲ್ರಿ!” ಇಬ್ಬರೂ ಸೇರಿ ಹೇಗೋ ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟೆವು.

ಮುಂದೊಮ್ಮೆ ಆ ಪುಸ್ತಕವನ್ನು ನನಗೆ ಓದಲು ಕೊಟ್ಟರು. ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನ ಕನ್ನಡ ಅಕ್ಷರಗಳಿದ್ದವು: “ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಮೀನಿನ ಕ್ಷಮೆ ಕೇಳಬೇಕು. ಆಮೇಲೆ ಬಿಡಬೇಕು.”

ಕೆಳಗೆ ಸಾಹೇಬರ ಹೆಸರು ಹಾಕಿದ್ದರು.