ಹಿಂದಿನ ಸೀಟಿನ ತೂಕ

ಇವತ್ತು ಬೆಳಿಗ್ಗೆ ಪೇಪರ್ ತರಲು ಕೆಳಗಿಳಿದರೆ ಕಾಂಪೌಂಡಿನ ತುಂಬ ಫೋರ್ಕ್ ಆಯಿಲಿನ, ಅಂದರೆ ಮೋಟಾರ್ ಸೈಕಲ್ಲಿನ ಮುಂದಿನ ಕಾಲುಗಳೊಳಗೆ ಹಾಕುವ ಎಣ್ಣೆಯ ವಾಸನೆ. ಅದು ಎಂಥ ವಾಸನೆ ಎಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಹಳೇ ಹರಳೆಣ್ಣೆಗೆ ಕಬ್ಬಿಣದ ಪುಡಿ ಕಲಸಿದ ಹಾಗೆ ಅಂದುಕೊಳ್ಳಿ. ಕೆಳಗಿನ ಮನೆಗೆ ಬಾಡಿಗೆಗೆ ಬಂದಿರುವ ಯುವಕ ತನ್ನ ಒಂಟೆಯಂಥ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದ. "ಹೊಸ ವೀಲ್ ಹಾಕ್ತಿದೀನಿ ಆಂಟಿ, ಸಸ್ಪೆನ್ಷನ್ನೂ ಪೂರ್ತಿ ಚೇಂಜು. ಇನ್ಮೇಲೆ ಕಲ್ಲು ಮಣ್ಣು ಏನಿದ್ರೂ ತೇಲ್ಕೊಂಡು ಹೋಗುತ್ತೆ" ಎಂದ. "ರೋಡಿದೆಯಲ್ಲಪ್ಪ, ರೋಡಲ್ಲೇ ಹೋಗ್ಬಾರ್ದಾ?" ಎಂದೆ. ನಕ್ಕ. ಈ ಮುದುಕಿಗೇನು ಗೊತ್ತು ಎನ್ನುವ ನಗು. ಗೊತ್ತಿರುವುದನ್ನೆಲ್ಲ ಹೇಳಿ ತೋರಿಸುವ ಹುರುಪು ನನಗೀಗ ಉಳಿದಿಲ್ಲ. ಪೇಪರ್ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲೇ ಅರ್ಧ ದಿನದ ಕೆಲಸ ಮುಗಿಸಿದ ಸುಸ್ತು.

ನಿಮ್ಮ ಹತ್ತಿರವಾದರೆ ಕೂತು ಹೇಳಬಹುದು. ಎಪ್ಪತ್ತರ ದಶಕದ ಕೊನೆ. ಗಂಗಾನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ನಮ್ಮತ್ತೆ ಮತ್ತು ಇಬ್ಬರು ನಾದಿನಿಯರು. ಇನ್ನೊಂದರಲ್ಲಿ ಒಲೆ, ದೇವರು, ಅಕ್ಕಿ ಡಬ್ಬ, ಆಮೇಲೆ ನಾವಿಬ್ಬರು. ನಡುವೆ ಬಾಗಿಲಿಲ್ಲ, ಹಳೇ ಸೀರೆಯ ಪರದೆ. ಗಂಡನ ಕಿವಿಯಲ್ಲಿ "ತಲೆನೋವು" ಎಂದು ಪಿಸುಗುಟ್ಟಿದರೆ ಪರದೆಯಾಚೆಯಿಂದ ಅತ್ತೆ "ಶುಂಠಿ ತೇಯ್ದು ಹಚ್ಕೊಳ್ಳೇ" ಎನ್ನುತ್ತಿದ್ದರು. ಒಳ್ಳೆಯವರೇ, ಪಾಪ. ಒಳ್ಳೆಯವರಾದದ್ದೇ ಕಷ್ಟವಾಗಿತ್ತು, ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ.

ಹಾಗಾಗಿ ನಮ್ಮ ಸಂಸಾರ ನಡೆದದ್ದು ಮನೆಯಲ್ಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ. ನಾನು ಯಲಹಂಕದ ಒಂದು ಶಾಲೆಯಲ್ಲಿ ಟೀಚರು. ನಮ್ಮವರು ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ. ದಿನಾ ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು ಅವರು ಕೆಲಸಕ್ಕೆ ಹೋಗಬೇಕು. ಸೀರೆಯುಟ್ಟ ನಾನು ಒಂದೇ ಕಡೆ ಕಾಲು ಇಳಿಬಿಟ್ಟು, ಅವರ ಹೆಗಲು ಹಿಡಿದು ಕೂತರೆ, ಹೆಬ್ಬಾಳದ ಕೆರೆ ಬರುವತನಕ ಇಬ್ಬರೂ ಗಪ್‌ಚುಪ್. ಕೆರೆ ದಾಟಿದ್ದೇ ತಡ, ಶುರು. ಗಾಳಿಗೆ ಅವರು ಕೂಗಿ ಹೇಳುವುದು, ನಾನು ಕಿವಿಯ ಹತ್ತಿರ ಬಾಗಿ ಉತ್ತರ ಕೊಡುವುದು. ಕಾರ್ಖಾನೆ ಮೇಸ್ತ್ರಿಯ ಮೇಲಿನ ಸಿಟ್ಟು, ನಾದಿನಿಯ ಮದುವೆ, ನಮಗೇ ಒಂದು ಮಗುವಾದರೆ ಏನು ಹೆಸರು, ಎಲ್ಲವೂ ಅಲ್ಲೇ. ಕೊಡಿಗೇಹಳ್ಳಿ ಗೇಟಿನಲ್ಲಿ ಪಾಯ ತೆಗೆದರೆ ಜಕ್ಕೂರು ದಾಟುವಷ್ಟರಲ್ಲಿ ಸ್ವಂತ ಮನೆ ಕಟ್ಟಿ ಬಿಡುತ್ತಿದ್ದೆವು. ಬಚ್ಚಲು ಎಲ್ಲಿರಬೇಕೆಂದು ಜಗಳವಾಡಿದ್ದೂ ಉಂಟು. ಯಲಹಂಕ ಬಂತೆಂದರೆ ನನಗೆ ಇಳಿಯಲು ಮನಸ್ಸೇ ಆಗುತ್ತಿರಲಿಲ್ಲ.

ನನ್ನನ್ನು ಇಳಿಸಿದ ಮೇಲೆ ಅವರು ಬಂದ ದಾರಿಯಲ್ಲಿ ಹಿಂತಿರುಗುತ್ತಿರಲಿಲ್ಲ. ಅಬ್ಬಿಗೆರೆ ಮೇಲೆ ಹಾಯ್ದು, ಗಾಡಿದಾರಿ, ಹೊಲದ ಬದು, ಒಣಗಿದ ಕೆರೆಯಂಗಳ ಹಿಡಿದು ಯಶವಂತಪುರ ಸೇರುತ್ತಿದ್ದರು. ಅಲ್ಲೇ ನೋಡಿ ಹುಚ್ಚು ಹತ್ತಿದ್ದು. ಮಣ್ಣಿನಲ್ಲಿ ಗಾಡಿ ಓಡಿಸುವ ರುಚಿ ಕಂಡವರಿಗೆ ಟಾರ್ ರೋಡು ಸಪ್ಪೆಯಂತೆ. ಯಲಹಂಕದಾಚೆಯ ಬಯಲಿನಲ್ಲಿ ಆಗೊಮ್ಮೆ ಈಗೊಮ್ಮೆ ಮಣ್ಣಿನ ರೇಸು ನಡೆಯುತ್ತಿತ್ತು. ಒಂದು ಭಾನುವಾರ ನೋಡಿಕೊಂಡು ಬಂದವರು ರಾತ್ರಿ ಊಟ ಮಾಡುವಾಗ ತಟ್ಟೆಯಲ್ಲಿ ಅನ್ನವನ್ನು ದಿಬ್ಬ ಮಾಡಿ, ಸಾರಿನ ಹಳ್ಳ ತೋಡಿ, ಬೆರಳು ಹಾರಿಸಿ ತೋರಿಸಿದರು. ಅತ್ತೆ "ಮುದ್ದೆ ಇಟ್ಟಿದ್ರೆ ಬೆಟ್ಟಾನೇ ಹತ್ತಿಸ್ತಿದ್ದೆಯೇನೋ" ಎಂದರು.

ಹೆಬ್ಬಾಳದಲ್ಲಿ ಮುನಿರಾಜು ಎಂಬ ಮೆಕ್ಯಾನಿಕ್. ಅಲ್ಲಿನದೇ ಒಕ್ಕಲು ಮನೆತನದವನು. ಹುಣಸೆಮರದ ಕೆಳಗೆ ಗ್ಯಾರೇಜು, ಹಿಂದೆ ಅವರದೇ ದ್ರಾಕ್ಷಿ ತೋಟ. ಗಿರಾಕಿ ಇಲ್ಲದಾಗ ಅದೇ ಸ್ಪ್ಯಾನರ್ ಕೈಯಲ್ಲಿ ಪಂಪ್‌ಸೆಟ್ಟು ರಿಪೇರಿ. ಇವರಿಬ್ಬರೂ ಸೇರಿ ನಮ್ಮ ಜೋಡಿ ಸೈಲೆನ್ಸರಿನ ಗಾಡಿಯನ್ನು ಕೈಗೆತ್ತಿಕೊಂಡರು. ಮೊದಲು ಮುಂದಿನ ಚಕ್ರ: ಎಲ್ಲಿಂದಲೋ ದೊಡ್ಡ ರಿಮ್ಮು ತಂದು ಹೊಸ ಕಡ್ಡಿ ಕಟ್ಟಿದರು. ಚಕ್ರ ತಿರುಗಿಸಿ, ಪಕ್ಕದಲ್ಲಿ ಸೀಮೆಸುಣ್ಣ ಅಲುಗದಂತೆ ಹಿಡಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಗೆರೆ ಬೀಳುತ್ತದೆ, ಆ ಜಾಗದಲ್ಲಿ ಎದುರು ಬದಿಯ ಕಡ್ಡಿ ಬಿಗಿ ಮಾಡಬೇಕು. ಸೀಮೆಸುಣ್ಣ ಯಾರದ್ದು ಅನ್ನುತ್ತೀರಿ? ನನ್ನ ಬ್ಯಾಗಿನದ್ದೇ. ಆಮೇಲೆ ಬಟನ್ ಟೈರು ಬಂತು, ರಬ್ಬರಿನ ಗುಬಟು ಗುಬಟು ಇರುವಂಥದ್ದು. ಅದಕ್ಕೆ ಜಾಗ ಸಾಲದೆ ಮಡ್‌ಗಾರ್ಡ್ ಮೇಲೆ ಹೋಯಿತು. ಫೋರ್ಕಿಗೆ ಮಂದ ಎಣ್ಣೆ ಬಿತ್ತು. ಒಂದು ದಿನ ನೋಡಿದರೆ ನನ್ನ ಸೀರೆ ಚಕ್ರಕ್ಕೆ ಸಿಕ್ಕದಂತೆ ಇದ್ದ ಸೀರೆ ಗಾರ್ಡೂ ಇಲ್ಲ. "ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡ್ರಾಯ್ತು ಬಿಡೇ" ಎಂದರು. ಗಾಡಿ ಎತ್ತರವಾಗುತ್ತಾ ಹೋಯಿತು. ನಾನು ಪಕ್ಕದ ಮನೆಯವರ ಜಗಲಿ ಹತ್ತಿ ಅದರ ಮೇಲೆ ಕೂರಬೇಕಾಯಿತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅತ್ತೆ ಗೊಣಗಿದರು. ಅವರ ಮಗ ಕೇಳಿಸಿಕೊಳ್ಳಲಿಲ್ಲ.

ಇದನ್ನೆಲ್ಲ ನಾನು ತಡೆದುಕೊಂಡೆ. ಆದರೆ ಒಂದು ಬೆಳಿಗ್ಗೆ ಹೆಬ್ಬಾಳ ದಾಟುತ್ತಲೇ ಅವರು ಕೂಗಿ ಹೇಳಿದರು: "ಈ ಸಲ ರೇಸಲ್ಲಿ ಮೊದಲ ಮೂವರಲ್ಲಿ ಬಂದ್ರೆ ಸೀಟು ಅರ್ಧಕ್ಕೆ ಕತ್ತರಿಸ್ಬಿಡ್ತೀನಿ ಕಣೇ. ಪೂರ್ತಿ ಒಬ್ಬನ ಗಾಡಿ. ಬೇರೆ ಊರಿನ ರೇಸಿಗೂ ಹೋಗ್ಬಹುದು."

"ಮತ್ತೆ ನಾನು?"

"ನಿನಗೆ ಬಸ್ಸಿದೆಯಲ್ಲ."

ನನಗೆ ಬಸ್ಸಿತ್ತು, ನಿಜ. ಬಸ್ಸಿನಲ್ಲಿ ಯಾರ ಹತ್ತಿರ ಮನೆ ಕಟ್ಟಲಿ? ಅವತ್ತು ಶಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ಅದೇ ಯೋಚನೆ. ಅವರ ಆಸೆ ದೊಡ್ಡದಾಗಿತ್ತು. ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರ ಅಳತೆಗೆ ಕಬ್ಬಿಣ ಕೊರೆಯುವವರಿಗೆ ಒಂದು ದಿನವಾದರೂ ನಾಲ್ಕು ಜನ ಚಪ್ಪಾಳೆ ತಟ್ಟಲಿ ಎಂದು ನನಗೂ ಅನಿಸುತ್ತಿತ್ತು. ಆದರೂ ದೇವರ ಮುಂದೆ ದೀಪ ಹಚ್ಚಿ ನಿಂತಾಗ ನಾನು ಬೇಡಿದ್ದು ಅವರು ಗೆಲ್ಲದಿರಲಿ ಎಂದೇ. ಏಟಾಗಬಾರದು, ಮಾನ ಹೋಗಬಾರದು, ನಾಲ್ಕನೆಯವರಾಗಿ ಬರಲಿ. ಅಷ್ಟು ಲೆಕ್ಕಾಚಾರದ ಪ್ರಾರ್ಥನೆ.

ರೇಸಿನ ಹಿಂದಿನ ಸಂಜೆಯ ತನಕ ಹಿಂದಿನ ಶಾಕ್ ಅಬ್ಸಾರ್ಬರ್ ಕೆಲಸ ಮುಗಿದಿರಲಿಲ್ಲ. ಉದ್ದನೆಯ ಗಟ್ಟಿ ಸ್ಪ್ರಿಂಗು ಸಿಕ್ಕಿತ್ತು. ಅದರ ಕೆಳಗೆ ಎಷ್ಟು ದಪ್ಪದ ಕಬ್ಬಿಣದ ಬಳೆ ಕೊಡಬೇಕೆಂಬುದು ಪ್ರಶ್ನೆ. ನಮ್ಮವರು ಬೇರೆ ಬೇರೆ ದಪ್ಪದ ಬಳೆಗಳನ್ನು ಲೇತಿನಲ್ಲಿ ಕಡೆದು ತಂದಿದ್ದರು. ಮುನಿರಾಜು ಅಳೆಯುವ ಕ್ರಮ ಸರಳ. ಓಡಿಸುವವರು ಗಾಡಿಯ ಮೇಲೆ ಕೂರಬೇಕು, ಅವನು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗೇಣು ಹಾಕಿ ನೋಡಬೇಕು. ಗೇಣಿಗೆ ಎರಡು ಬೆರಳು ಕಮ್ಮಿ ಬಂದರೆ ಸರಿ. ಹೆಚ್ಚು ಕುಸಿದರೆ ದಪ್ಪನೆಯ ಬಳೆ ಹಾಕಿ ಸ್ಪ್ರಿಂಗು ಬಿಗಿ ಮಾಡಬೇಕು. ನಮ್ಮವರು ಹತ್ತಿ ಕೂತು, ಯಾವ ತಿರುವಿನಲ್ಲಿ ಯಾರನ್ನು ಹಿಂದೆ ಹಾಕುತ್ತೇನೆ ಎಂದು ವಿವರಿಸುತ್ತಿದ್ದರು. ಮುನಿರಾಜು, ಅವರ ಜತೆ ಬಂದು ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಅಕ್ಕಾ, ಅಂಗೇ ನಿಂತ್ಬುಟ್ರೆ ಎಂಗೆ? ನೀವೂ ಅತ್ತಿ ಕೂತ್ಕಳಿ" ಎಂದ.

ಕೂತೆ. ಗಾಡಿ ಕುಸಿಯಿತು. "ಊಂ, ದಪ್ಪಂದೇ ಬೇಕು" ಎಂದ. ಬಿಚ್ಚಿದ, ಹಾಕಿದ, ಮತ್ತೆ ಕೂರಿಸಿದ, ಗೇಣು ಹಾಕಿದ, ತಲೆಯಾಡಿಸಿದ. ನಮ್ಮವರ ಬಾಯಿ ನಡೆದೇ ಇತ್ತು. ನಾನು ಹಿಂದೆ ಕೂತದ್ದು ಅವರಿಗೆ ಒಂದು ವಿಷಯವೆಂದೇ ಅನಿಸಲಿಲ್ಲ. ದಿನಾ ಕೂರುವವಳು, ಅವತ್ತೂ ಕೂತೆ. ಮುನಿರಾಜುವಿಗೂ ಅಷ್ಟೇ. ಹೆಬ್ಬಾಳದಲ್ಲಿ ಅವನು ದಿನಾ ಆ ಗಾಡಿಯ ಮೇಲೆ ಕಂಡದ್ದು ನಮ್ಮಿಬ್ಬರನ್ನೇ, ರೇಸಿನಲ್ಲಿ ಒಬ್ಬರೇ ಎನ್ನುವುದು ಅವನ ತಲೆಗೇ ಹೋಗಲಿಲ್ಲ. ನನಗಂತೂ ಸ್ಪ್ರಿಂಗಿನ ವಿದ್ಯೆ ಗೊತ್ತಿರಲಿಲ್ಲ. ಅಲ್ಲಿಂದ ಕೆರೆ ಏರಿಯ ಕಲ್ಲುಗುಂಡಿಗಳ ಮೇಲೆ ಮನೆಗೆ ಬಂದರೆ, ಅಬ್ಬಾ, ಹತ್ತಿಯ ಹಾಸಿಗೆ! "ಹೆಂಗಿದೆ?" ಎಂದು ಅವರು ಕುಣಿದುಬಿಟ್ಟರು. ಮರುದಿನ ಬೆಳಿಗ್ಗೆ ಯಲಹಂಕದಾಚೆಯ ಬಯಲಿಗೆ ಹೋದದ್ದೂ ಇಬ್ಬರೂ ಅದರ ಮೇಲೆಯೇ. ಮುನಿರಾಜು ಹತಾರದ ಚೀಲ ಹೊತ್ತು ಬಸ್ಸಿನಲ್ಲಿ ಬಂದ.

ಆ ದಪ್ಪ ಬಳೆ ಹಾಕಿದ ಮೇಲೆ ಗಾಡಿಯ ಮೇಲೆ ನಮ್ಮವರು ಒಬ್ಬರೇ ಕೂತದ್ದು ಬಾವುಟ ಬೀಳಿಸುವ ಗೆರೆಯ ಹತ್ತಿರ, ಅದೇ ಮೊದಲು.

ಬಾವುಟ ಬಿತ್ತು. ಧೂಳಿನಲ್ಲಿ ಒಂದು ಕ್ಷಣ ಏನೂ ಕಾಣಲಿಲ್ಲ. ಮೊದಲ ದಿಬ್ಬ ಹಾರಿದಾಗ ಬೇರೆ ಗಾಡಿಗಳೆಲ್ಲ ಮೆತ್ತಗೆ ಇಳಿದವು. ನಮ್ಮದು ಮಾತ್ರ ಕಾದ ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯಿತು. ಹಿಂದಿನ ಚಕ್ರ ಅವರನ್ನು ಎತ್ತೆತ್ತಿ ಒಗೆಯುತ್ತಿತ್ತು. ಹಳ್ಳದ ಹತ್ತಿರ ಬಿದ್ದರು. ಎದ್ದರು, ಹತ್ತಿದರು, ಮುಂದಿನ ದಿಬ್ಬಕ್ಕೆ ಮತ್ತೆ ಬಿದ್ದರು. ಎಲ್ಲರೂ ಪಕ್ಕದಲ್ಲೇ ಹಾದುಹೋದರು. ಅವರು ಗಾಡಿ ತಳ್ಳಿಕೊಂಡು ಅಂಚಿಗೆ ಬಂದು ನಿಂತಾಗ ಮೈಯೆಲ್ಲ ಕೆಮ್ಮಣ್ಣು. ಕೈಕಾಲು ನೆಟ್ಟಗಿದೆ ಎಂದು ಕಂಡ ಮೇಲೆ ನನಗೇನನಿಸಿತು ಗೊತ್ತೇ? ಸೀಟು ಉಳಿಯಿತು.

ಮುನಿರಾಜು ಓಡಿ ಬಂದು ಸೀಟನ್ನು ಎರಡೂ ಕೈಯಲ್ಲಿ ಒತ್ತಿ ನೋಡಿದ. ಅದು ಜಗ್ಗಲಿಲ್ಲ. ನನ್ನ ಮುಖ ನೋಡಿದ. "ಅಯ್ಯೋ ಸಿವನೇ! ಅಕ್ಕನ್ ತೂಕಾನೂ ಸೇರ್ಸಿ ಕೂರ್ಸ್ಬುಟ್ನಲ್ಲ ಸಾಮೀ. ನೀವು ಒಬ್ರೇ ಓಯ್ತೀರ ಅಂತ ಯಾರಂದ್ಕಂಡಿದ್ರು?"

ನಮ್ಮವರು ಅವನನ್ನು ಬೈಯಲಿಲ್ಲ. "ಹೋಗ್ಲಿ ಬಿಡು ಮುನಿರಾಜು, ನನಗೂ ಹೊಳೀಲಿಲ್ಲ" ಎಂದರು ಅಷ್ಟೇ. ನನ್ನನ್ನು ಕೂರಿಸಿಕೊಂಡು ಹೊರಟರು. ಗಾಡಿ ಮತ್ತೆ ಹತ್ತಿಯ ಹಾಸಿಗೆ. ಜಕ್ಕೂರು ಬಂತು, ಕೊಡಿಗೇಹಳ್ಳಿ ಗೇಟು ಬಂತು, ಒಂದು ಮಾತಿಲ್ಲ. "ನೋವಾಯ್ತಾ?" ಎಂದೆ. "ಇಲ್ಲ." ಹೆಬ್ಬಾಳವೂ ಬಂತು.

ಮಾರನೆಯ ದಿನ ಅವರೇ ಕೂತು ಹಳೇ ಸ್ಪ್ರಿಂಗು, ಹಳೇ ಚಕ್ರ, ಸೀರೆ ಗಾರ್ಡು ಎಲ್ಲವನ್ನೂ ವಾಪಸು ಹಾಕಿದರು. ಮತ್ತೆ ರೇಸಿನ ಸುದ್ದಿ ಎತ್ತಲಿಲ್ಲ. ಸೀಟು ನನಗೇ ಉಳಿಯಿತು. ದಿನಾ ಬೆಳಿಗ್ಗೆ ಕೂತೆ, ಹೆಗಲು ಹಿಡಿದೆ, ಕೆರೆ ದಾಟಿದೆ. ಮಾತು ಮಾತ್ರ ಶುರುವಾಗಲಿಲ್ಲ. ನಾನೇ ಎಳೆದು ತೆಗೆದರೆ "ಹೂಂ" "ನೋಡೋಣ" ಎನ್ನುತ್ತಿದ್ದರು. ನನ್ನ ತೂಕದಿಂದ ಸೋತೆ ಎಂಬ ಸಿಟ್ಟು ಒಳಗಿದೆ ಎಂದುಕೊಂಡೆ. ಒಂದು ಸಲ ಬೈದುಬಿಟ್ಟಿದ್ದರೆ ಸಾಕಿತ್ತು. ಬೈಯಲಿಲ್ಲ, ನಾನೂ ಕೇಳಲಿಲ್ಲ. ಸೀಟಿಗಾಗಿ ಅಷ್ಟು ಬೇಡಿಕೊಂಡವಳು ಕಡೆಕಡೆಗೆ ಬಸ್ಸೇ ವಾಸಿ ಎನ್ನುವಷ್ಟು ದಣಿದೆ. ಆಮೇಲೆ ಮಕ್ಕಳಾದವು, ಸ್ಕೂಟರ್ ಬಂತು, ಸ್ವಂತ ಮನೆಯೂ ಆಯಿತು. ಬಚ್ಚಲು ಎಲ್ಲಿರಬೇಕೆಂದು ಗಾರೆ ಮೇಸ್ತ್ರಿಯೇ ತೀರ್ಮಾನಿಸಿದ. ಹಾಲು, ಫೀಸು, ಕರೆಂಟು ಬಿಲ್ಲು, ಇಷ್ಟಕ್ಕೆ ಎಷ್ಟು ಮಾತು ಬೇಕೋ ಅಷ್ಟು ಮಾತಿನಲ್ಲಿ ಒಂದು ಆಯುಷ್ಯ ಕಳೆಯಬಹುದು ಎನ್ನುವುದನ್ನು ನಮ್ಮಿಬ್ಬರನ್ನು ನೋಡಿ ಕಲಿಯಬೇಕು.

ಇವತ್ತು ಪೇಪರ್ ಹಿಡಿದು ಮೇಲೆ ಬಂದರೆ ನಮ್ಮವರು ವರಾಂಡದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಏಕೋ ಕೇಳಿಬಿಟ್ಟೆ. "ರೀ, ಅವತ್ತು ರೇಸಿಂದ ಬರೋವಾಗ ಯಾಕೆ ಒಂದು ಮಾತೂ ಆಡ್ಲಿಲ್ಲ?"

ಯಾವತ್ತು ಎಂದು ಅವರು ಕೇಳಲಿಲ್ಲ. ಕಾಳು ಬಿಡಿಸುತ್ತಲೇ, "ನಿನ್ನ ಕೈ" ಎಂದರು.

"ನನ್ನ ಕೈ ಏನ್ ಮಾಡ್ತು?"

"ಹೋಗೋವಾಗ ಹೆಗಲು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಬರೋವಾಗ ಹಗುರಕ್ಕೆ ಸುಮ್ನೆ ಇಟ್ಕೊಂಡಿದ್ದೆ. ನಾನು ಮಣ್ಣು ಮುಕ್ಕಿ ಬರ್ತಿದೀನಿ, ನಿನ್ನ ಕೈಗೆ ಅಷ್ಟು ನೆಮ್ಮದಿ. ನಾನು ಬಿದ್ದಿದ್ದು ನಿನಗೆ ಸಂತೋಷ ಆಗಿದೆ ಅಂತ ಗೊತ್ತಾದ್ಮೇಲೆ ಏನ್ ಮಾತಾಡ್ಲಿ ಹೇಳು."

"ಬಿದ್ದಿದ್ದಕ್ಕಲ್ಲ ರೀ, ಸೀಟು ಉಳೀತಲ್ಲ ಅಂತ. ಮನೇಲಿ ನಮಗೆ ಮಾತಾಡೋಕೆ ಎಲ್ಲಿ ಜಾಗ ಇತ್ತು? ನನಗೆ ನೀವು ಸಿಗ್ತಿದ್ದಿದ್ದೇ ಅದರ ಮೇಲೆ."

ಅವರ ಕೈ ನಿಂತಿತು. "ಅಷ್ಟಕ್ಕಾ?"

"ಅಷ್ಟಕ್ಕೇ."

"ಇಷ್ಟು ವರ್ಷ..." ಎಂದರು. "ಆವಾಗ್ಲೇ ಹೇಳ್ಬಾರ್ದಿತ್ತೇನೇ?"

"ಎಲ್ಲಿ ಹೇಳ್ಬೇಕಿತ್ತು ರೀ?" ಎಂದೆ.