ಮರಾಠಿಯಲ್ಲಿ ಕುಡಿದವನು

ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿರುವಾಗ ಮಾತು ಇದ್ದಕ್ಕಿದ್ದಂತೆ ಕನ್ನಡದಿಂದ ಮರಾಠಿಗೆ ಹೊರಳಿತೆಂದರೆ, ಪಂಕ್ತಿಯಲ್ಲಿರುವ ಮಗುವಿನ ಕಿವಿಗೆ ಬೀಳಬಾರದ ಸಂಗತಿಯೊಂದು ಬಂದಿದೆ ಎಂದು ಅರ್ಥ. ಬಂಧುಗಳ ಜಗಳ, ಯಾರದೋ ಮುರಿದ ಮದುವೆ, ಇವೂ ಆಗಾಗ ಆ ಭಾಷೆಯ ಆಶ್ರಯ ಬೇಡಿ ಬರುತ್ತಿದ್ದವು. ಆದರೆ ಬಹುತೇಕ ಬರುತ್ತಿದ್ದದ್ದು ಸೆರೆಯ, ಅಂದರೆ ಕುಡಿತದ, ಸುದ್ದಿ. ಅವ್ವನ ತವರು ಮಿರಜದ ಕಡೆಯದು, ನನ್ನ ಹೆಂಡತಿಯದು ಸಾಂಗಲಿ. ಹೀಗಾಗಿ ಐನಾಪುರದ ನಮ್ಮ ಅಡುಗೆಮನೆಯಲ್ಲಿ ಎರಡು ಭಾಷೆಗಳು ಒಂದೇ ಒಲೆಯ ಮೇಲೆ ಬೇಯುತ್ತಿದ್ದವು.

ಈ ಗುಪ್ತಲಿಪಿ ನಮ್ಮೊಬ್ಬರ ಸ್ವತ್ತಲ್ಲ. ಚಿಕ್ಕೋಡಿಯಲ್ಲಿರುವ ನನ್ನ ಷಡ್ಡಕರು ಮಕ್ಕಳೆದುರು ಈ ವಿಷಯ ಬಂದರೆ ಮಾತು ನಿಲ್ಲಿಸಿ ಹೆಬ್ಬೆರಳನ್ನು ತುಟಿಯ ಕಡೆಗೆ ವಾಲಿಸುತ್ತಾರೆ. ನಿಪ್ಪಾಣಿಯ ಗೆಳೆಯರೊಬ್ಬರು ಸುಮ್ಮನೆ ಕೆಮ್ಮುತ್ತಾರೆ, ಅವರ ಶ್ರೀಮತಿಯವರಿಗೆ ಆ ಕೆಮ್ಮಿನ ಅರ್ಥಛಾಯೆಗಳೆಲ್ಲ ಗೊತ್ತು. ನಿಮ್ಮ ಮನೆಯಲ್ಲಿಯೂ ಇಂಥದೊಂದು ಉಪಾಯ ಇದ್ದೇ ಇರುತ್ತದೆ, ನೆನಪು ಮಾಡಿಕೊಳ್ಳಿ. ದೊಡ್ಡವರು ಎಷ್ಟು ನಾಜೂಕಾಗಿ ಪರದೆ ಎಳೆಯುತ್ತಾರೋ ಮಕ್ಕಳು ಅಷ್ಟೇ ಆಸ್ಥೆಯಿಂದ ಅದರ ಅಂಚಿನಲ್ಲಿ ಕಣ್ಣಿಟ್ಟು ಕೂತಿರುತ್ತಾರೆ ಎಂಬುದು ನನಗೆ ತಿಳಿದಿರಬೇಕಿತ್ತು. ಏಕೆಂದರೆ ಶೇಡಬಾಳದ ಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದ ನಾನು ಪ್ರತಿ ರಾಜ್ಯೋತ್ಸವಕ್ಕೆ, ಗಡಿನಾಡಿನ ಮಗು ಎರಡು ಭಾಷೆಗಳನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ ಎಂದು ಶಾಲು ಹೊದ್ದು ಭಾಷಣ ಮಾಡುತ್ತಿದ್ದವನು. ಭಾಷಣ ಮುಗಿಸಿ ಮನೆಗೆ ಬಂದು, ಮಗಳ ಎದುರು ಧೈರ್ಯವಾಗಿ ಮರಾಠಿ ಮಾತಾಡುತ್ತಿದ್ದೆ. ಅವಳು ಕನ್ನಡ ಶಾಲೆಗೆ ಹೋಗುತ್ತಿದ್ದಳು, ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದಳು. ಎದುರುಮನೆಯ ಮರಾಠಿ ಹುಡುಗಿಯರ ಜೊತೆ ದಿನವಿಡೀ ಆಡುತ್ತಾಳೆ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ನಮ್ಮ ಮರಾಠಿಗೆಲ್ಲ ಕಾರಣಪುರುಷ ನನ್ನ ತಮ್ಮ ಬಾಳು. ದ್ರಾಕ್ಷಿ ತೋಟವನ್ನು ಅವನೇ ನೋಡಿಕೊಳ್ಳುತ್ತಿದ್ದ. ಬಂಗಾರದಂಥ ಮನುಷ್ಯ, ಆದರೆ ಕೆಲವು ವರ್ಷ ವಿಪರೀತ ಕುಡಿದ. ಆ ದಿನಗಳಲ್ಲಿ ಅವ್ವ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ‘ಹಾ ಅನ್ಲೇ’ ಎಂದು ಬಾಯಿ ಮೂಸಿ ಒಳಗೆ ಬಿಡುತ್ತಿದ್ದಳು. ಒಂದು ಆಷಾಢದಲ್ಲಿ ಅವನು ವಿಠ್ಠಲನ ಭಕ್ತರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಹೋಗಿ ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು ಬಂದ. ನಮ್ಮ ಕಡೆ ಮಾಲೆ ಹಾಕಿದವನು ಮಾಂಸ, ಸೆರೆ ಮುಟ್ಟುವಂತಿಲ್ಲ. ಆದರೆ ಸಂಜೆಗೆ ಮಾಲೆಯನ್ನು ಗೂಟಕ್ಕೆ ಸಿಕ್ಕಿಸಿ ಹೋಗಿ, ಬೆಳಿಗ್ಗೆ ಸ್ನಾನ ಮಾಡಿ ಮತ್ತೆ ಹಾಕಿಕೊಳ್ಳುವ ಭಕ್ತರನ್ನೂ ಅವ್ವ ಕಂಡವಳು. ಬಾಳು ಕುಡಿತ ಬಿಟ್ಟು ವರ್ಷ ದಾಟಿದರೂ, ಅವನು ತೋಟದಿಂದ ಬರುವುದು ಸ್ವಲ್ಪ ತಡವಾದರೆ ಅವ್ವ ನನ್ನ ಹೆಂಡತಿಯ ಕಡೆ ತಿರುಗಿ ಮರಾಠಿಗೆ ಇಳಿಯುತ್ತಿದ್ದಳು.

ಆ ಸಂಜೆಯೂ ಹಾಗೇ ಆಯಿತು. ಬಾಳು ದ್ರಾಕ್ಷಿಗೆ ಗಂಧಕದ ಪುಡಿ ಹೊಡೆದು ತಡವಾಗಿ, ನಾವು ಊಟಕ್ಕೆ ಕೂತ ಮೇಲೆ ಬಂದಿದ್ದ, ಕಣ್ಣು ಕೆಂಪಗಾಗಿದ್ದವು. ಕೈಕಾಲು ತೊಳೆದು ಪಡಸಾಲೆಗೆ ಬರುತ್ತಿದ್ದಂತೆ ಅವ್ವ ದನಿ ತಗ್ಗಿಸಿ, ‘ಡೋಳೆ ಬಘ. ಪಿವೂನ ಆಲಾಯ ಕಾ?’ ಎಂದಳು. ಕಣ್ಣು ನೋಡು, ಕುಡಿದು ಬಂದಿದ್ದಾನೆಯೇ, ಎಂದು. ಬಾಳುವಿಗೂ ಕೇಳಿಸಿತು. ಅವನಿಗೆ ಮರಾಠಿ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ ಎಂಬುದು ಅವ್ವನಿಗೂ ಗೊತ್ತು. ಅಷ್ಟರಲ್ಲಿ ನನ್ನ ಮಗಳು ಸೋನಾಲಿ ತಟ್ಟೆ ಬಿಟ್ಟು ಎದ್ದಳು. ಇನ್ನೂ ಒಂದನೆಯ ತರಗತಿ. ನೆಟ್ಟಗೆ ಅವನ ಮುಂದೆ ಹೋಗಿ ನಿಂತು, ‘ಕಾಕಾ, ಹಾ ಅನ್ನು’ ಎಂದಳು. ಅವನು ಏನೋ ಆಟವೆಂದುಕೊಂಡು ನಗುತ್ತ ಬಾಗಿ ಬಾಯಿ ತೆರೆದ. ಅವಳು ಮೂಸಿದಳು, ಅವ್ವನ ಕಡೆ ತಿರುಗಿ, ಸ್ವಚ್ಛವಾದ ಮರಾಠಿಯಲ್ಲಿ, ‘ನಾಹೀ ಆಜೀ, ಪ್ಯಾಲಾ ನಾಹೀ’ ಎಂದು ವರದಿ ಒಪ್ಪಿಸಿದಳು. ಇಲ್ಲ ಅಜ್ಜಿ, ಕುಡಿದಿಲ್ಲ.

ಬಾಳು ಊಟಕ್ಕೆ ಕೂಡದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಇವನು ಎದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಸೆರೆ ಅಂಗಡಿಯ ದಾರಿ ಹಿಡಿದರೆ ಗತಿಯೇನು ಎಂದು ನನಗೆ ದಿಗಿಲಾಯಿತು. ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತೆ. ಹುಡುಗಿಗೆ ತಿಳಿಯದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.

‘ಆಕಿಂದೇನ್ ತಪ್ಪಣ್ಣಾ’ ಎಂದ. ‘ನಾ ಕುಡದಿದ್ದು ನೀವೆಲ್ಲಾ ಮರಾಠ್ಯಾಗ ಮಾತಾಡಿದ್ರಿ, ಖರೇನ ಐತಿ, ಮಾತಾಡ್ರಿ. ಬಿಟ್ಟಿದ್ದು ಯಾವ ಭಾಷೆದಾಗೂ ಮಾತಾಡ್ಲಿಲ್ಲ. ಬಿಟ್ಟ ಮ್ಯಾಲೂ ಆ ಕೂಸಿನ ಮುಂದ ನಾ ಕುಡುಕನ ಆಗೂದಾದ್ರ, ಯಾಕ ಬಿಡಬೇಕ ಹೇಳು?’

ನನ್ನ ವ್ಯಾಕರಣ, ಛಂದಸ್ಸು, ಶಾಲು ಯಾವುದೂ ಇದನ್ನು ನನಗೆ ಕಲಿಸಿರಲಿಲ್ಲ. ಮಗುವಿನಿಂದ ಕೆಟ್ಟದ್ದನ್ನು ಮುಚ್ಚಿಡುವುದೇ ನಮ್ಮ ಕರ್ತವ್ಯವೆಂದು ಬಗೆದಿದ್ದೆವು. ಒಳ್ಳೆಯದಾದಾಗ ಅದನ್ನು ಬಾಯಿಬಿಟ್ಟು ಹೇಳಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಬಾಳು ಎದ್ದು ಒಳಗೆ ಬಂದ. ಅಂಗಡಿಯ ಕಡೆ ಹೋಗಲಿಲ್ಲ.

ಮರುದಿನ ಅವ್ವ ಎಲ್ಲರೆದುರು ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು ಕನ್ನಡದಲ್ಲಿ ಹೇಳಿದಳು: ‘ನಿಮ್ಮ ಕಾಕಾ ಮೊದಲ ಸೆರಿ ಕುಡೀತಿದ್ದ. ಈಗ ಬಿಟ್ಟಾನ. ತಿಳೀತಿಲ್ಲೋ?’

‘ನನಗ ಗೊತ್ತೈತೆಜ್ಜಿ’ ಎಂದಳು ಸೋನಾಲಿ. ‘ದಿನಾ ಕಾಕಾನ ಕೊರಳಿಗೆ ಜೋತುಬೀಳ್ತೀನಲಾ, ಆವಾಗ ಮೂಸಿ ನೋಡ್ತೀನಿ.’

ರೊಟ್ಟಿ ಮುರಿಯುತ್ತಿದ್ದ ಬಾಳುವಿನ ಕೈ ಅಲ್ಲೇ ನಿಂತಿತು. ದಿನಾ ಸಂಜೆ ಅವನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಓಡಿಬಂದು ಅವನ ಕೊರಳಿಗೆ ಬೀಳುತ್ತಿದ್ದವಳು ಅವಳೊಬ್ಬಳೇ. ಮನೆಯಲ್ಲಿ ತನ್ನನ್ನು ನಂಬುವವರು ಒಬ್ಬರಾದರೂ ಇದ್ದಾರೆ ಎಂದು ಆ ಒಂದು ಗಳಿಗೆಯನ್ನು ಆಧಾರ ಮಾಡಿಕೊಂಡು ಅವನು ವರ್ಷ ಕಳೆದಿದ್ದ. ನನಗೆ ಅವನ ಮುಖ ನೋಡುವುದಾಗಲಿಲ್ಲ. ಅವ್ವ ಮಾತ್ರ ಮಗುವಿನ ಗಲ್ಲ ಹಿಡಿದು, ಇನ್ನು ಮೇಲೆ ಕಾಕಾನನ್ನು ಮೂಸಕೂಡದು ಎಂದು ಆಣೆ ಹಾಕಿಸಿದಳು.

ಮಗು ಅಜ್ಜಿಯ ಮಾತು ಕೇಳಿತು. ಮೂಸುವುದನ್ನು ಬಿಟ್ಟಿತು, ಅದರ ಜೊತೆಗೆ ಓಡಿಬರುವುದನ್ನೂ ಬಿಟ್ಟಿತು. ಸಂಜೆ ಬಾಳು ಬಂದರೆ ಅವಳು ತನ್ನ ಪಾಡಿಗೆ ಪಾಟಿಯ ಮೇಲೆ ಬರೆಯುತ್ತಿದ್ದಳು. ಅವನು ಚಪ್ಪಲಿ ಬಿಡುವ ನೆಪದಲ್ಲಿ ಅಂಗಳದಲ್ಲೇ ತಡೆದು ನಿಲ್ಲುತ್ತಿದ್ದ, ಆಮೇಲೆ ಒಳಗೆ ಹೋಗುತ್ತಿದ್ದ. ಇದು ಕೆಲವು ದಿನ ನಡೆಯಿತು. ನೋಡುವ ನಮಗೇ ಸಂಕಟವಾಗುತ್ತಿತ್ತು.

ಕೊನೆಗೊಂದು ಸಂಜೆ ಅವನು ಒಳಗೆ ಹೋಗಲಿಲ್ಲ. ಅಂಗಳದಲ್ಲಿ ಮೊಣಕಾಲೂರಿ ಕೂತು ಕರೆದ: ‘ಸೋನಾ, ಬಾರವ್ವಾ. ಮೂಸಿ ನೋಡು ಬಾ.’

ಅವಳು ಅಜ್ಜಿಯ ಮುಖ ನೋಡಿದಳು. ಅವ್ವ ಹೂಂ ಎಂದು ತಲೆಯಾಡಿಸಿದಳು. ಸೋನಾಲಿ ಪಾಟಿಯನ್ನು ಅಲ್ಲೇ ಬಿಟ್ಟು ಓಡಿಹೋಗಿ ಅವನ ಕೊರಳಿಗೆ ಜೋತುಬಿದ್ದಳು. ಅವನು ಎತ್ತಿಕೊಂಡು ಎದ್ದು ನಿಂತ. ಊಟಕ್ಕೆ ಬನ್ನಿ ಎಂದು ನನ್ನ ಹೆಂಡತಿ ಮತ್ತೆ ಮತ್ತೆ ಕರೆದಳು. ಬಾಳು ಮಗುವನ್ನು ಕೆಳಗಿಳಿಸಲಿಲ್ಲ.