ಸುಳ್ಳದ ಮಾಳಿಗೆಮನೆಯ ಗೋಡೆ

ಶನಿವಾರ ಬೆಳಿಗ್ಗೆ ಏಳಕ್ಕೆ ಸಪ್ತಾಪುರ ಬಿಟ್ಟು, ಹುಬ್ಬಳ್ಳಿಯಲ್ಲಿ ಸುಳ್ಳ ಎಂಬ ಹಳ್ಳಿಯ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ; ಸೀಟು ಮಾತ್ರ ಸಿಗಲಿಲ್ಲ. ಎರೆಹೊಲಗಳು ಬಿಸಿಲಿಗೆ ಬಾಯಿ ಬಿಟ್ಟಿದ್ದವು.

ಕಾಲೇಜಿನಲ್ಲಿ ಕಟ್ಟಡ ಕಟ್ಟುವ ಪಾಠ ಹೇಳಿ ನಿವೃತ್ತಳಾದ ನನ್ನನ್ನು ಕರೆಸಿದ್ದವರು ನೀಲವ್ವ, ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ. ಅವರ ಮಾಳಿಗೆಮನೆಯ ಬೀದಿಗೋಡೆ ಬಿರಿದಿತ್ತು. ಇಡೀ ಮನೆ ಕೆಡವಬೇಕೆಂದು ಗುತ್ತಿಗೆದಾರನೊಬ್ಬ ಹೇಳಿಹೋಗಿದ್ದ. ಸೋಮವಾರ ಜೆಸಿಬಿ ಬರುವುದಿತ್ತು.

ಬಾಗಿಲು ದಾಟಿದರೆ ಒಂದು ಬದಿಗೆ ದನ ಕಟ್ಟುವ ತಗ್ಗು, ಇನ್ನೊಂದು ಬದಿಗೆ ಸೊಂಟದೆತ್ತರದ ಪಡಸಾಲೆ. ಮೇಲೆ ತೇಗದ ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಕಿಟಕಿಯೇ ಇಲ್ಲ, ಮಾಳಿಗೆಯ ಬೆಳಕಿಂಡಿಯೊಂದೇ ಬೆಳಕಿನ ದಾರಿ. ಒಳಗೆ ತಂಪಾಗಿತ್ತು. ನೀಲವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅವರ ಮೈದುನ ಬಸಪ್ಪ ಬಿರುಕು ತೋರಿಸಿದರು. ನನ್ನ ಕೈ ಮಣಿಕಟ್ಟಿನವರೆಗೂ ಒಳಹೋಯಿತು. ಮಾಳಿಗೆ ಯಾರ ತಲೆಯ ಮೇಲಾದರೂ ಕುಸಿದೀತೆಂದು ಬಸಪ್ಪನವರಿಗೆ ನಿದ್ದೆಯಿಲ್ಲವಂತೆ.

ಊರಿನ ಬಡಿಗ ಮೌಲಾಸಾಬರನ್ನು ಕರೆಸಿದೆ. ತೊಲೆಯ ತುದಿಯ ಕೆಳಗೆ ಅವರು ಉಳಿಯಿಂದ ಮಣ್ಣು ಕೆರೆದರು. ಗೇಣಿನಷ್ಟು ಒಳಗೆ ಕಪ್ಪು ಮರ ಕಂಡಿತು; ಬುಡದವರೆಗೂ ಕೆರೆದರೆ, ಕಲ್ಲಿನ ಮೇಲೆ ನಿಂತ ಇಡೀ ಕಂಬ. ಉಳಿ ಹೊಡೆದರೂ ನಾಟಲಿಲ್ಲ. ಪ್ರತಿ ತೊಲೆಗೂ ಹಾಗೆಯೇ.

"ಎರಿ ನೆಲ ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರಿತೈತಿ. ಗೋಡಿ ನಂಬಬಾರದಂತ ಹಳಬರು ಭಾರ ಎಲ್ಲಾ ಕಂಬಕ್ಕ ಕೊಟ್ಟಾರ್ರಿ," ಎಂದರು ಮೌಲಾಸಾಬ.

ಬಸಪ್ಪ ಒಪ್ಪಲಿಲ್ಲ. "ಹಂಗಾದ್ರ ಗೋಡಿ ತಗದು ತೋರಸ್ರಿ."

ತೆಗೆಯಿರಿ ಎಂದೆ. ತೊಲೆಗಳಿಗೆ ಕೆಳಗಿನಿಂದ ಮರದ ಆನಿಕೆ ಕೊಟ್ಟು, ಮೇಲಿನಿಂದ ಗೋಡೆ ಬಿಚ್ಚುತ್ತ ಬಂದೆವು. ನಾಲ್ಕರ ಹೊತ್ತಿಗೆ ಎರಡು ಮಾರು ಬಯಲಾಯಿತು. ಆನಿಕೆ ಸಡಿಲಿಸುತ್ತಿದ್ದಂತೆ, ನಾನು ತಡೆಯುವ ಮೊದಲೇ ನೀಲವ್ವ ತೊಲೆಯ ಕೆಳಗೆ ಹೋಗಿ ನಿಂತರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ನನ್ನ ಲೆಕ್ಕದ ಮೇಲೆ ನನಗೆ ನಂಬಿಕೆಯಿತ್ತು. ಮೇಲಿನಿಂದ ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ. ಬಸಪ್ಪ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಅಂಗಳಕ್ಕೆ ಹೋಗಿ, ಜೆಸಿಬಿ ಬೇಡವೆಂದು ಫೋನು ಮಾಡಿದರು.

ನೀಲವ್ವ ಇನ್ನೂ ಅಲ್ಲೇ ನಿಂತಿದ್ದರು. ಮದುವೆಯಾಗಿ ಬಂದಾಗಿನಿಂದ ಪಡಸಾಲೆಯಲ್ಲಿ ಕೂತು ಬೀದಿ ನೋಡಿದ್ದೇ ಇಲ್ಲ ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ಗೋಡಿ ಭಾರ ಹೊರೂದಿಲ್ಲಂದ್ರ, ಹೊಸಾ ಗೋಡ್ಯಾಗ ಒಂದು ಕಿಟಕಿ ಇಡಬಹುದೇನ್ರಿ?"

ಬೇಕಾದಷ್ಟು ದೊಡ್ಡದು ಇಡಬಹುದು ಎಂದೆ.

ಸಂಜೆಯ ಬಸ್ಸಿಗೆ ಹೊರಟವಳು ಬೀದಿಯಿಂದ ತಿರುಗಿ ನೋಡಿದೆ. ಗೋಡೆಯಿಲ್ಲದ ಆ ಜಾಗದಲ್ಲಿ ನೀಲವ್ವ ಎರಡೂ ಕೈ ಅಗಲಕ್ಕೆ ಚಾಚಿ, ಕಿಟಕಿಯ ಅಳತೆ ತೋರಿಸುತ್ತಿದ್ದರು. ಮೌಲಾಸಾಬರು ಸಾಕೆನ್ನುವಂತೆ ತಲೆಯಾಡಿಸಿದರು. ನೀಲವ್ವ ಕೈ ಇನ್ನಷ್ಟು ಚಾಚಿದರು.